ಏಳು ಕಾಲು, ಏಳೂಕಾಲು



ನಮ್ಮ ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳಿಗೆ 3/4 ಕಲಿಸುವುದು ಕಷ್ಟವಲ್ಲ. ಒಂದು ಜೋಳದ ರೊಟ್ಟಿಯನ್ನು ನಾಲ್ಕು ಪಾಲು ಮಾಡಿ ಮೂರು ತೆಗೆದುಕೊಂಡರೆ ಮುಗಿಯಿತು. ಫಲಕದ ಮೇಲೆ 7/4 ಬರೆದಾಗ ಮಾತ್ರ ಪ್ರಶ್ನೆ ಬರುತ್ತದೆ: "ಸರ್, ನಾಲ್ಕ ತುಕಡಿ ಒಳಗ ಏಳು ಹೆಂಗ ತಗೋಬೇಕ್ರಿ?"

ಇದು ದಡ್ಡ ಪ್ರಶ್ನೆಯಲ್ಲ. ಅಂಶ, ಛೇದ ಎರಡೂ ತಿಳಿದ ಮಗುವೇ ಹೀಗೆ ಕೇಳುತ್ತದೆ. ಇನ್ನೊಂದು ರೊಟ್ಟಿ ತರಬೇಕು, ಅದನ್ನೂ ನಾಲ್ಕೇ ಪಾಲು ಮಾಡಬೇಕು. ಆಗ ಎಂಟು ತುಕಡಿ ಕಂಡು ಕೆಲವರು 7/8 ಎನ್ನುತ್ತಾರೆ. ಛೇದವೆಂದರೆ ಒಂದು ರೊಟ್ಟಿಯ ಪಾಲುಗಳ ಲೆಕ್ಕ, ತಾಟಿನಲ್ಲಿರುವ ಎಲ್ಲ ತುಕಡಿಗಳ ಲೆಕ್ಕವಲ್ಲ ಎಂದು ಅಲ್ಲಿಯೇ ತಿಳಿಸಬೇಕು.

ಹೆಸರುಗಳೂ ಮಕ್ಕಳನ್ನು ಕಾಡುತ್ತವೆ. ಕರ್ನಾಟಕದಲ್ಲಿ ಇದಕ್ಕೆ ವಿಷಮ ಭಿನ್ನರಾಶಿ ಎನ್ನುತ್ತಾರೆ. ಮರಾಠಿಯಲ್ಲಿ ವಿಷಮ ಸಂಖ್ಯೆ ಎಂದರೆ ಬೆಸ ಸಂಖ್ಯೆ. ಎರಡೂ ಭಾಷೆ ಕೇಳಿ ಬೆಳೆಯುವ ನಮ್ಮ ಮಕ್ಕಳು "8/4 ವಿಷಮ ಅಲ್ರಿ, ಎಂಟು ಸಮ ಐತಿ" ಎಂದರೆ ತಪ್ಪು ಅವರದಲ್ಲ. ಮರಾಠಿಯ ಅಂಶಾಧಿಕ ಅಪೂರ್ಣಾಂಕ ಎಂಬ ಹೆಸರು ನಮಗೆ ಹೆಚ್ಚು ಹಿಡಿಸುತ್ತದೆ. ಅಂಶ ಅಧಿಕ, ಅಷ್ಟೇ.

ಆದರೆ ಲೆಕ್ಕದ ತಿರುಳು ಇರುವುದು ನಮ್ಮ ಮನೆಮಾತಿನಲ್ಲಿ. ಮುಕ್ಕಾಲು ಎಂದರೆ ಮೂರು ಕಾಲು. ಹಾಗಾದರೆ 7/4 ಎಂದರೆ ಏಳು ಕಾಲು. "ಏಳು ಕಾಲಿನ ದನಾ ಯಾವೂರಾಗ ಐತ್ರಿ?" ಎಂದು ಮಕ್ಕಳು ನಗುತ್ತಾರೆ, ನಗಲಿ. ನಾಲ್ಕು ಕಾಲು ಸೇರಿದರೆ ಒಂದು. ಉಳಿದದ್ದು ಮೂರು ಕಾಲು. ಆಯಿತು, ಒಂದೂಮುಕ್ಕಾಲು, ಅಂದರೆ 1 3/4.

'ಒಂದೂ' ಎಂಬಲ್ಲಿರುವ ದೀರ್ಘವೇ ಇಲ್ಲಿ ಕೂಡಿಸುವ ಚಿಹ್ನೆ. ಏಳು ಕಾಲು 7/4, ಏಳೂಕಾಲು 7 1/4. ಒಂದು ದೀರ್ಘಕ್ಕೆ ಇಷ್ಟು ಅಂತರ! ಇದು ತಿಳಿದ ಮಗು 2 3/4 ನೋಡಿ ಎರಡು ಗುಣಿಸು ಮುಕ್ಕಾಲು ಎನ್ನುವುದಿಲ್ಲ. ಎರಡು ರೊಟ್ಟಿಗೆ ಎಂಟು ಕಾಲು, ಮೇಲೆ ಮೂರು, ಒಟ್ಟು ಹನ್ನೊಂದು ಕಾಲು, 11/4 ಎನ್ನುತ್ತದೆ. "ಛೇದದಿಂದ ಗುಣಿಸಿ ಅಂಶ ಕೂಡಿಸು" ಎಂಬ ಸೂತ್ರ ಆಮೇಲೆ ಹೇಳಿದರೂ ನಡೆಯುತ್ತದೆ.

ಸೊಲ್ಲಾಪುರದ ಪೇಟೆಯಲ್ಲಿ ಇದೇ 1 3/4 'ಪಾವಣೇದೋನ' ಆಗುತ್ತದೆ, ಎರಡಕ್ಕೆ ಕಾಲು ಕಡಿಮೆ. ಕನ್ನಡ ಕೂಡಿಸಿ ಹೇಳಿದ್ದನ್ನು ಮರಾಠಿ ಕಳೆದು ಹೇಳುತ್ತದೆ. ಸಂಖ್ಯಾರೇಖೆಯ ಮೇಲೆ ಎರಡೂ ತೋರಿಸಿದರೆ ಮಕ್ಕಳು ಒಂದೇ ಬಿಂದುವಿಗೆ ಬೆರಳಿಡುತ್ತಾರೆ. ಹಿಂದಿನವರು ಪಾವಕೀ, ನಿಮಕೀ, ಸವಾಯಕೀ, ದೀಡಕೀ ಎಂದು ಅಪೂರ್ಣಾಂಕದ ಮಗ್ಗಿಗಳನ್ನೇ ಬಾಯಿಪಾಠ ಮಾಡುತ್ತಿದ್ದರು. 1957ರಲ್ಲಿ ದಶಮಾಂಶ ನಾಣ್ಯ ಬಂದ ಮೇಲೆ ಅವುಗಳ ಕೆಲಸ ಕಡಿಮೆಯಾಯಿತು. ಮಾತು ಮಾತ್ರ ಸಂತೆಯಲ್ಲಿ ಇನ್ನೂ ಉಳಿದಿದೆ.

ಐದನೇ, ಏಳನೇ ಪಾಲಿಗೆ 'ಕಾಲು' ನೆರವಾಗದು. ಅಲ್ಲಿ ಕಾಗದದ ಪಟ್ಟಿ ಬೇಕು. 13/5 ಎಂದರೆ ಐದು, ಐದು, ಮೂರು. ಎರಡು ಪೂರ್ತಿ ಪಟ್ಟಿ, ಮೇಲೆ 3/5. ದಾರಿ ಅದೇ.

"ಮುಂದ ಮರಾಠಿ ಶಾಳಿಗೆ ಹೋಗೂ ಹುಡುಗ್ರಿಗೆ ಕನ್ನಡದಾಗ ಗಣಿತ ಯಾಕ್ರಿ?" ಎಂದು ಪಾಲಕರು ಕೇಳುತ್ತಾರೆ. ಹೆಸರು ಬದಲಾದರೆ ಮಗು ಎಂಟು ದಿನದಲ್ಲಿ ಕಲಿಯುತ್ತದೆ. ಏಳು ಕಾಲು ಯಾಕೆ ಒಂದೂಮುಕ್ಕಾಲು ಎಂಬುದು ತಿಳಿಯದೇ ಹೋದರೆ ಯಾವ ಮಾಧ್ಯಮಕ್ಕೆ ಹೋದರೂ ತೊಡಕು ತಪ್ಪದು. ಮನೆಯಲ್ಲಿ ರೊಟ್ಟಿ ಬಡಿಸುವಾಗ ಒಮ್ಮೆ ಕೇಳಿ ನೋಡಿ.