ನವನಗರ ಸ್ಟಾಪ್ – 9: ನಾಲ್ಕು ನಿಮಿಷದ ಸಿನಿಮಾ, ನಾಲ್ಕು ವರ್ಷದ ಬಾಕಿ

(1/4)
ಮೊದ್ಲ ಹೇಳಿಬಿಡ್ತೀನಿ, ಈ ವಾರ ಕಾಮಿಡಿ ಇಲ್ಲ. ಹೋದ ವಾರದ ಗಿರಮಿಟ್ ಪೋಸ್ಟ್ ಥರದ್ದು ಬೇಕಂದ್ರ ಮುಂದ ಹೋಗ್ರಿ, ಬ್ಯಾಸರ ಇಲ್ಲ. ಕ್ಯಾಪ್ಷನ್‌ಗೆ 2,200 ಅಕ್ಷರ ಅಷ್ಟ ಹಿಡಿಯೋದು, ಅದಕ್ಕ ನಾಲ್ಕು ತುಂಡು ಮಾಡೀನಿ.

ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಹಿಂದಿನ ರಾತ್ರಿ. ಓದೋದು ಬಿಟ್ಟು ಯೂಟ್ಯೂಬ್ ತೆಗೆದೆ (ನೀವೂ ತೆಗೀತೀರಿ, ಸುಮ್ಮನಿರ್ರಿ). 'ಇನ್ ಎ ಹಾರ್ಟ್‌ಬೀಟ್' ಅನ್ನೋ ಸಣ್ಣ ಅನಿಮೇಷನ್ ಸಿನಿಮಾ ಬಂತು. 2017ರ ಜುಲೈ 31ಕ್ಕ ಬಿಡುಗಡೆ ಆದದ್ದು, ಹೆಚ್ಚುಕಮ್ಮಿ ನಾಲ್ಕು ನಿಮಿಷ. ಅಮೆರಿಕದ ಫ್ಲೋರಿಡಾದಾಗಿರೋ ರಿಂಗ್ಲಿಂಗ್ ಕಾಲೇಜಿನ ಎಸ್ಟೆಬಾನ್ ಬ್ರಾವೊ, ಬೆತ್ ಡೇವಿಡ್ ಅನ್ನೋ ಇಬ್ಬರು ಕೊನೇ ವರ್ಷದ ಪ್ರಾಜೆಕ್ಟ್ ಅಂತ ಮಾಡಿದ್ದು. ನಾವು ಪ್ರಾಜೆಕ್ಟ್ ಹ್ಯಾಂಗ ಮಾಡ್ತೀವಿ ಅಂದ್ರ ಸೀನಿಯರ್ ಕಡೆ ಇಸ್ಕೊಂಡು ಹೆಸರು ಬದಲಿಸ್ತೀವಿ. ಇರ್ಲಿ.

ಶೆರ್ವಿನ್ ಅಂತ ಒಬ್ಬ ಹುಡುಗ. ಗಿಡದಾಗ ಅಡಗಿ ಕುಂತು ಜೊನಾಥನ್ ಬರೋದನ್ನ ನೋಡ್ತಾನ. ಜೊನಾಥನ್ ಕೈಯಾಗ ಪುಸ್ತಕ ಹಿಡಕೊಂಡು, ಸೇಬು ಮ್ಯಾಲ ಹಾರಿಸ್ಕೋತ ಬರ್ತಾನ. ಆಗ ಶೆರ್ವಿನ್‌ನ ಎದಿಯೊಳಗಿನ ಹೃದಯ ಜಿಗದು ಹೊರಗ ಬಂದು, ಹಟಮಾರಿ ಕೂಸಿನಂಗ ಆ ಹುಡುಗನ ಬೆನ್ನಹತ್ತಿ ಸಾಲಿಯೊಳಗ ಓಡ್ತದ. ಇಂವ ಅದನ್ನ ಹಿಡಿಲಿಕ್ಕೆ ಹಿಂದ ಓಡ್ತಾನ. ಇಡೀ ಸಿನಿಮಾದಾಗ ಒಂದೂ ಮಾತಿಲ್ಲ. ಆಮ್ಯಾಲ ಕಾರಿಡಾರ್‌ನ್ಯಾಗ ಉಳಿದ ಹುಡುಗರು ತಿರುಗಿ ನೋಡ್ತಾರ. ಬರೇ ನೋಡ್ತಾರ, ಬಡಿಯೂದಿಲ್ಲ, ಬೈಯೂದಿಲ್ಲ. ಶೆರ್ವಿನ್ ಗಾಬರಿಯಾಗಿ ತನ್ನ ಹೃದಯ ತಾನ ಜಗ್ಗತಾನ, ಅದು ಎರಡು ಹೋಳಾಗ್ತದ.

ನನ್ನ ತಂಗಿ ಹಿಂದಿನಿಂದ ಇಣುಕಿ ನೋಡಾಕತ್ತಿದ್ಲು. "ಅಣ್ಣಾ, ಅಂವ ಯಾಕ ಜಗ್ಗತಾನ?" ಅಂದ್ಲು. "ಎಲ್ಲಾರೂ ನೋಡಾಕತ್ತಾರಲ್ಲ" ಅಂದೆ. "ನೋಡಿದ್ರ ಏನಾತು?"

ಮಕ್ಕೋ ಹೋಗು ಅಂತ ಬೈದು ಕಳಿಸಿದೆ.

(2/4)
ಏನಾಗ್ತದ ಅಂತ ನನಗ ಗೊತ್ತಿತ್ತು.

ಪಿಯುಸಿ ಫಸ್ಟ್ ಇಯರ್. ನಾ ದಿನಾ ನವನಗರದಾಗ ಚಿಗರಿ ಹತ್ತಿ ಹುಬ್ಬಳ್ಳಿಗೆ ಹೋಗ್ತಿದ್ದೆ. ಅಂವ ಧಾರವಾಡ ಕಡಿಂದ ಬರ್ತಿದ್ದ. ಯಾವ ಸ್ಟಾಪ್ ಅಂತ ಬರೆಯೂದಿಲ್ಲ, ಯಾಕಂತ ಕಡೀಗೆ ಹೇಳ್ತೀನಿ. ಬಸ್ ನಿಲ್ಲೋ ಮೊದಲ ಗಾಜಿನೊಳಗ ಅವನ ಮುಖ ಹುಡುಕೋದು ನನಗ ಚಟ ಆಗಿತ್ತು. ಅಂವ ಬಾಗಲ ಹತ್ರಾನ ನಿಂತಿರ್ತಿದ್ದ. ಒಳಗ ಸೀಟ್ ಖಾಲಿ ಇದ್ರೂ ಅಲ್ಲೇ. ಒಂದ ಇಯರ್‌ಫೋನ್, ಇಬ್ಬರಿಗೂ ಒಂದೊಂದು ಕಿವಿ. ಎಪಿಎಂಸಿ, ಭೈರಿದೇವರಕೊಪ್ಪ, ಉಣಕಲ್ ಕೆರಿ ದಾಟಿ ಹೋಗೂತನಕ ಇಬ್ಬರೂ ಮಾತಾಡ್ತಿರಲಿಲ್ಲ. ಭಾನುವಾರ ಬಂತಂದ್ರ ನನಗ ಸಿಟ್ಟು ಬರ್ತಿತ್ತು. ಭಾನುವಾರದ ಮ್ಯಾಲ ಯಾರರೆ ಸಿಟ್ಟಾಗ್ತಾರೇನು? ಅದಕ್ಕ ಏನಂತಾರ ಅಂತ ಆವಾಗ ಹೆಸರು ಇಟ್ಟಿರಲಿಲ್ಲ.

ಒಂದಿನ ಕಡೀ ಬೆಂಚಿನ ಮ್ಯಾಲ ಯಾರೋ ಕೈವಾರದಿಂದ ನಮ್ಮಿಬ್ಬರ ಹೆಸರು ಕೆತ್ತಿ ನಡುವ ಹಾರ್ಟ್ ಹಾಕಿದ್ರು. ಕ್ಲಾಸಿಗೆ ಕ್ಲಾಸ್ ನಕ್ಕಿತು. ನಾ ಏನ ಮಾಡಿದೆ ಗೊತ್ತೇನ್ರಿ? ಎದ್ದು ನಿಂತು ಅವನ ನಡಿಗಿ ನಡದು ತೋರಿಸಿದೆ. ಅಂವ ಕೂದಲ ಸರಿಸ್ಕೊಳ್ಳೋದು, ಮಾತಾಡುವಾಗ ಕೈ ತಿರುವೋದು, ಎಲ್ಲಾ. ಭಾಳ ಹತ್ರದಿಂದ ನೋಡಿದ್ನೆಲ್ಲ, ಅದಕ್ಕ ಹುಬೇಹೂಬ ಬಂತು. ಹುಡುಗರು ಬೆಂಚು ಬಡದು ನಕ್ಕರು. ಅಂವನೂ ನಕ್ಕ. ಅದ ನೋಡ್ರಿ, ಅಂವ ಅತ್ತಿದ್ರ ಇವತ್ತು ಇಷ್ಟು ಉದ್ದ ಬರೀತಿರಲಿಲ್ಲೇನೋ.

ಮರುದಿನದಿಂದ ಅಂವ ಬಾಗಲ ಹತ್ರ ನಿಲ್ಲಲಿಲ್ಲ.

(3/4)
ಇದೆಲ್ಲಾ ಆದದ್ದು 2018ರ ಸೆಪ್ಟೆಂಬರ್ 6ರ ತೀರ್ಪು ಬಂದ ಎಷ್ಟೋ ದಿನದ ಮ್ಯಾಲ. ಇಬ್ಬರು ವಯಸ್ಕರು ಒಪ್ಪಿ ಪ್ರೀತಿಸಿದ್ರ, ಅವರು ಗಂಡು-ಗಂಡಾಗಿರಲಿ, ಹೆಣ್ಣು-ಹೆಣ್ಣಾಗಿರಲಿ, 377ನೇ ಕಲಂ ಕೆಳಗ ಅದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ರಾಜ್ಯದ ಕಾನೂನು ವಿಶ್ವವಿದ್ಯಾಲಯ ನಮ್ಮ ನವನಗರದಾಗ ಐತಿ, ದಿನಾ ಅದರ ಊರಿಂದಾನ ನಾ ಬಸ್ ಹತ್ತೋದು. ಆದ್ರ ಆ ತೀರ್ಪು ನಮ್ಮ ಕಡೀ ಬೆಂಚಿನತನಕ ಬಂದಿರಲಿಲ್ಲ.

ಡಿಗ್ರಿಗೆ ಬಂದ ಮ್ಯಾಲ ವಸುಧೇಂದ್ರ ಅವರ 'ಮೋಹನಸ್ವಾಮಿ' ಸಿಕ್ತು. 2013ರಾಗ ಬಂದ ಕಥೆಗಳ ಪುಸ್ತಕ. ಅವರು ಬಳ್ಳಾರಿ ಕಡೆ ಸಂಡೂರಿನವರು, ತಾವೂ ಗೇ ಅಂತ ಬಹಿರಂಗವಾಗಿ ಹೇಳಿಕೊಂಡವರು. ಟೆಕ್ಸ್ಟ್‌ಬುಕ್ ಒಳಗಿಟ್ಟು ಓದಿದೆ. ಅದರಾಗ ಮೋಹನಸ್ವಾಮಿ ಜೀವಕ್ಕ ಜೀವ ಅಂತ ಹಚ್ಚಿಕೊಂಡ ಕಾರ್ತಿಕ್ ಲಗ್ನ ಮಾಡಿಕೊಳ್ಳಾಕ ಹೊಂಡತಾನ. ಯಾರೂ ಅರ್ಧ ಹೃದಯ ಹುಡುಕಿ ತಂದು ಕೊಡೂದಿಲ್ಲ. ಈ ಅನಿಮೇಷನ್‌ದಾಗ ಕೊಡ್ತಾರ: ಶೆರ್ವಿನ್ ಒಬ್ಬನ ಅಳಕೋತ ಕುಂತಿರ್ತಾನ, ಜೊನಾಥನ್ ಬಂದು ತನ್ನ ಕಡೆ ಉಳದ ಅರ್ಧಾ ಜೋಡಿಸ್ತಾನ. ನೋಡಿ ಕಣ್ಣು ತುಂಬಿದ್ದು ಖರೇ. ಆದ್ರೂ ನನಗ ಇದು ಸ್ವಲ್ಪ ಲಗೂನ ಮುಗದಂಗ ಅನಿಸ್ತು. ನಮ್ಮ ಕಡೆ ಜೊನಾಥನ್ ಕಾರಿಡಾರ್‌ನ್ಯಾಗ ನಿಂತು ಮಿಮಿಕ್ರಿ ಮಾಡ್ತಾನ.

ಇನ್ನೊಂದು ಓದಿದೆ. ಅವರಿಬ್ಬರೂ ಮೊದಲ ಒಂದು ಹುಡುಗ, ಒಂದು ಹುಡುಗಿ ಅಂತ ಕಥೆ ಯೋಚನೆ ಮಾಡಿದ್ರಂತ. ಆಮ್ಯಾಲ ಇಬ್ಬರೂ ಹುಡುಗರು ಅಂತ ಬದಲಿಸಿದ್ರು. ಹುಡುಗ-ಹುಡುಗಿ ಆಗಿದ್ರ ಆ ಕಾರಿಡಾರ್ ಸೀನ್‌ಗೆ ಅಷ್ಟು ಹೆದರಿಕಿ ಎಲ್ಲಿಂದ ಬರ್ತಿತ್ತು? ನಮ್ಮ ಕ್ಲಾಸಿನ್ಯಾಗ ಹುಡುಗ-ಹುಡುಗಿ ಹೆಸರೂ ಬೆಂಚಿನ ಮ್ಯಾಲ ಇದ್ವು. ಅದಕ್ಕ ಪಾರ್ಟಿ ಕೇಳ್ತಿದ್ರು.

(4/4)
ಬಿಕಾಂನವರಿಗೆ ಇದು ತಿಳೀತದ: ಟ್ರಯಲ್ ಬ್ಯಾಲೆನ್ಸ್ ಕೂಡಲಿಲ್ಲ, ತಪ್ಪು ಎಲ್ಲಿ ಅಂತ ಸಿಗಲಿಲ್ಲ ಅಂದ್ರ ಆ ವ್ಯತ್ಯಾಸ ಒಯ್ದು ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ನಾ ಏನು, ಯಾರು ಅಂತ ಡಿಎಂ ಮಾಡಬ್ಯಾಡ್ರಿ, ಅದು ಇನ್ನೂ ಅಲ್ಲೇ ಐತಿ. ಆದ್ರ ಇದರಾಗ ತಪ್ಪು ಯಾವುದು ಅನ್ನೋದು ನನಗ ಮೊದಲಿಂದಾನೂ ಗೊತ್ತಿತ್ತು.

ಇಂಟರ್ನಲ್ಸ್ ಮುಗದ ದಿನ ಅವನಿಗೆ ಸಿನಿಮಾದ ಲಿಂಕ್ ಕಳಿಸಿದೆ. ಅಂವ ಈಗ ಬೆಂಗಳೂರಿನ್ಯಾಗ ಓದಾಕತ್ತಾನ. ಕೆಳಗ "ಬೆಂಚಿನ ದಿನದ್ದು ತಪ್ಪಾತು ದೋಸ್ತ" ಅಂತ ಬರದೆ. ನಾಲ್ಕು ಸಲ ಅಳಿಸಿ, ಐದನೇ ಸಲ ಹೋಗಿದ್ದು. ನೀಲಿ ಟಿಕ್ ಬಿತ್ತು. ಎರಡು ದಿನ ಏನೂ ಇಲ್ಲ. ಆ ಎರಡು ದಿನ ನಾ ಮನ್ಯಾಗ ಎಲ್ಲಾರ ಕೂಡನೂ ಜಗಳ ಆಡಿದೆ, ಅವ್ವ ಫೋನ್ ಕಸ್ಕೊಳ್ಳೋದೊಂದು ಬಾಕಿ.

ಮೂರನೇ ದಿನ ಮೆಸೇಜ್ ಬಂತು.
"ನನ್ನ ಕೈ ಹಂಗ ತಿರಗಂಗಿಲ್ಲಲೇ. ಆ್ಯಕ್ಟಿಂಗ್ ಬೋಗಸ್ ಇತ್ತು."

ಆಮ್ಯಾಲ ಇನ್ನೊಂದು: "ಅವತ್ತು ಬಸ್ಸಿನ್ಯಾಗ ಹಿಂದ ನಿಂತು ನೋಡ್ತಿದ್ದೆ. ನೀ ಹೊರಳಿ ನೋಡ್ತಿ ಅಂತ."

ನಾ ನೋಡಿರಲಿಲ್ಲ. ಹತ್ತು ದಿನ ಕಿಟಕಿ ಹೊರಗಷ್ಟ ನೋಡಿದ್ದೆ.

ಇದನ್ನ ಪೋಸ್ಟ್ ಮಾಡ್ಲೇನು ಅಂತ ಅವನನ್ನ ಕೇಳಿದೆ. ಪೂರ್ತಿ ಓದಿದ. "ಹೆಸರು ಹಾಕಬ್ಯಾಡ. ಸ್ಟಾಪ್ ಹೆಸರೂ ಬ್ಯಾಡ, ನಮ್ಮ ಮಾಮಾ ದಿನಾ ಅಲ್ಲೇ ಹತ್ತತಾನ" ಅಂದ. ಅದಕ್ಕ ತೆಗೆದೀನಿ.

ದೀಪಾವಳಿಗೆ ಊರಿಗೆ ಬರ್ತಾನಂತ. ಒಂದಿನ ಚಿಗರಿ ಹತ್ತೂಣು, ಉಣಕಲ್ ತನಕ, ಅಂದೀನಿ. ಇನ್ನೂ ಏನೂ ಅಂದಿಲ್ಲ. ವೈರ್ ಇರೋ ಇಯರ್‌ಫೋನ್ ಮಾತ್ರ ಹುಡುಕಿ ಇಟ್ಟೀನಿ, ಒಂದು ಕಡೆ ಕೇಳಸ್ತದ, ಇನ್ನೊಂದು ಕಡೆ ಗೊರಗೊರ ಅಂತದ.