ಗವರ್ನರ್ ಕಾರ್ ಮತ್ತು ನನ್ನ ಮೌನ

ಕಳೆದ ತಿಂಗಳು ರಾಜ್ಯಶಾಸ್ತ್ರ ತರಗತಿಯಲ್ಲಿ ರಾಜ್ಯಪಾಲರ ಪಾಠ ನಡೆಯುತ್ತಿತ್ತು. ನಮ್ಮಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅಮೆರಿಕದಲ್ಲಿ ಗವರ್ನರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಅವರ ಕೆಲಸ ನಮ್ಮ ಮುಖ್ಯಮಂತ್ರಿಗಳ ಕೆಲಸಕ್ಕೆ ಹತ್ತಿರ ಎಂದು ಸರ್ ವಿವರಿಸಿದರು. ಪ್ರತಿಯೊಬ್ಬರೂ ಒಬ್ಬ ಗವರ್ನರ್ ಬಗ್ಗೆ ಎರಡು ಪುಟ ಬರೆದು ತರಬೇಕೆಂದರು. ರೇಗನ್, ಕ್ಲಿಂಟನ್ ಹೆಸರುಗಳನ್ನು ಮುಂದಿನ ಬೆಂಚಿನವರು ಬಾಚಿಕೊಂಡರು. ನನ್ನ ಪಾಲಿಗೆ ಬಂದದ್ದು ರಾಲ್ಫ್ ಕಾರ್. ಆ ಹೆಸರನ್ನೇ ನಾನು ಕೇಳಿರಲಿಲ್ಲ.

ಕಾರ್ 1887ರಲ್ಲಿ ಕೊಲೊರಾಡೊ ರಾಜ್ಯದ ರೊಸಿಟಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಕಾನೂನು ಓದಿ ವಕೀಲರಾದರು. ರಿಪಬ್ಲಿಕನ್ ಪಕ್ಷದಿಂದ ಗೆದ್ದು 1939ರಲ್ಲಿ ಗವರ್ನರ್ ಆದರು. ಇಲ್ಲಿಯವರೆಗೆ ಬರೆಯುವುದು ಸುಲಭವಾಗಿತ್ತು.

1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಮರುವರ್ಷ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದಿಂದಾಗಿ, ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಅವರ ಮೇಲೆ ಮೊಕದ್ದಮೆಯಿಲ್ಲ, ವಿಚಾರಣೆಯಿಲ್ಲ. ಪಶ್ಚಿಮ ಭಾಗದ ಬೇರೆ ಗವರ್ನರ್‌ಗಳು ಅವರು ನಮ್ಮ ರಾಜ್ಯಕ್ಕೆ ಬೇಡವೆಂದಾಗ, ಕಾರ್ ಬರಲಿ ಎಂದರು. ಸಿಟ್ಟಾದ ಜನರ ಮುಂದೆ ನಿಂತು, ಸಂವಿಧಾನ ಎಲ್ಲ ಪ್ರಜೆಗಳಿಗೂ ಒಂದೇ, ಅವರಿಗೆ ಕೆಡುಕು ಮಾಡುವುದಾದರೆ ಮೊದಲು ನನಗೆ ಮಾಡಿ ಎಂಬರ್ಥದಲ್ಲಿ ಮಾತಾಡಿದರು. ಶಿಬಿರ ಅವರ ರಾಜ್ಯದಲ್ಲೂ ಬಂತು. ಕೇಂದ್ರದ ಆದೇಶವನ್ನು ತಡೆಯಲು ಅವರಿಂದಾಗಲಿಲ್ಲ. ಆದರೆ ಸುಮ್ಮನಿರಲಿಲ್ಲ. ಅದೇ ವರ್ಷ ಸೆನೆಟ್ ಚುನಾವಣೆಯಲ್ಲಿ ಸ್ವಲ್ಪ ಮತಗಳ ಅಂತರದಿಂದ ಸೋತರು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಏಕೆಂದರೆ ನನಗೆ ಪ್ರಥಮ ಪಿಯುಸಿಯ ಒಂದು ಮಧ್ಯಾಹ್ನ ನೆನಪಾಯಿತು.

ಆಗ ನಮ್ಮ ತರಗತಿಗೆ ಬಿಹಾರದಿಂದ ಒಬ್ಬ ಹುಡುಗ ಸೇರಿದ್ದ. ತಂದೆ ಕಟ್ಟಡ ಕೆಲಸದವರು. ಅವನಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಪ್ರವಾಸಕ್ಕೆ ಸಂಗ್ರಹಿಸಿದ್ದ ಹಣ ಒಂದು ದಿನ ಕಾಣೆಯಾಯಿತು. ಮೊದಲು ಯಾರೋ "ಅವನೇ ಇರಬಹುದು" ಅಂದರು. ಊಟದ ಗಂಟೆ ಹೊಡೆಯುವಷ್ಟರಲ್ಲಿ ಅದು "ಅವನೇ" ಎಂದಾಗಿತ್ತು. ಅವನ ಬ್ಯಾಗನ್ನು ನೆಲದ ಮೇಲೆ ಸುರಿದರು. ಒಂದು ಟಿಫಿನ್ ಡಬ್ಬಿ, ಎರಡು ನೋಟ್‌ಬುಕ್, ಅಷ್ಟೇ.

ಆ ಪೀರಿಯಡ್ ಪೂರ್ತಿ ಅವನು ಲೈಬ್ರರಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ. ಅದು ಗೊತ್ತಿದ್ದದ್ದು ನನಗೆ ಮಾತ್ರ. ಆದರೆ ಮರುವಾರ ಕ್ಲಾಸ್ ಲೀಡರ್ ಚುನಾವಣೆ, ನಾನೂ ನಿಂತಿದ್ದೆ. ಬಾಯಿ ಬಿಡಲಿಲ್ಲ. ಹಣ ಮರುದಿನ ಸಂಗ್ರಹಿಸಿದವನ ರೆಕಾರ್ಡ್ ಪುಸ್ತಕದೊಳಗೇ ಸಿಕ್ಕಿತು. ಯಾರೂ ಕ್ಷಮೆ ಕೇಳಲಿಲ್ಲ. ನಾನು ಚುನಾವಣೆ ಗೆದ್ದೆ.

ಕಾರ್ 1950ರಲ್ಲಿ ಮತ್ತೆ ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸಿದ್ದಾಗಲೇ ತೀರಿಕೊಂಡರು. ಅಮೆರಿಕ ಸರ್ಕಾರ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡಲು ಕಾನೂನು ಮಾಡಿದ್ದು 1988ರಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿ ಕಣ್ಮುಚ್ಚಿದ್ದರು. ಕ್ಷಮೆ ತಡವಾದರೆ ಕೇಳಬೇಕಾದವರೇ ಇರುವುದಿಲ್ಲ ಎಂಬುದು ಆ ಇಸವಿ ಬರೆಯುವಾಗ ನನಗೆ ತಟ್ಟಿತು.

ಮರುದಿನ ಬಸ್ ನಿಲ್ದಾಣದಲ್ಲಿ ಅವನ ಹತ್ತಿರ ಹೋಗಿ, "ಅವತ್ತು ನೀನು ಲೈಬ್ರರಿಯಲ್ಲಿದ್ದೆ ಅಂತ ನನಗೆ ಗೊತ್ತಿತ್ತು, ತಪ್ಪಾಯ್ತು" ಎಂದೆ. ಅವನು ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡಿದ.

"ನೀನು ಹೇಳ್ತೀ ಅಂತ ಕಾದಿದ್ದೆ" ಎಂದ. ಈಗ ಅವನ ಕನ್ನಡ ಚೆನ್ನಾಗಿದೆ.

ಇದನ್ನು ಪತ್ರಿಕೆಗೆ ಬರೆಯಲೇ ಎಂದು ಅವನನ್ನು ಕೇಳಿದೆ. "ಬರಿ, ಲೈಬ್ರರಿ ವಿಷಯ ಬಿಡಬೇಡ" ಎಂದ. ಬಿಟ್ಟಿಲ್ಲ.