ಬೇರೆಯವರ ಫೂಟೇಜ್

ಸಂಕಲನ ಕಲಿಯಲು ಹೊರಟ ವಿದ್ಯಾರ್ಥಿ ತಾನೇ ತೆಗೆದ ದೃಶ್ಯಗಳಿಂದ ಶುರುಮಾಡಬಾರದು. ಬೇರೆ ಯಾರೋ ತೆಗೆದ ಫೂಟೇಜಿನ ಮೇಲೆ ಮೊದಲು ಕೈ ಪಳಗಿಸಿಕೊಳ್ಳಬೇಕು. ಕ್ಯಾಮೆರಾ ಹಿಡಿದವನಿಗೆ ಪ್ರತಿ ಶಾಟಿನ ಹಿಂದಿನ ಪಾಡು ಗೊತ್ತಿರುತ್ತದೆ. ನಸುಕಿನಲ್ಲೆದ್ದು ಗುಡ್ಡ ಹತ್ತಿ ತೆಗೆದ ಸೂರ್ಯೋದಯವನ್ನು ಕಿತ್ತುಹಾಕಲು ಅವನಿಗೆ ಮನಸ್ಸು ಬಾರದು. ನೋಡುವವರಿಗೆ ಆ ಚಳಿಯೂ ಇಲ್ಲ, ಏರಿದ ಆಯಾಸವೂ ಇಲ್ಲ. ಪರದೆಯ ಮೇಲೆ ಕಂಡದ್ದಷ್ಟೇ ಅವರ ಪಾಲಿಗೆ ಬಂದದ್ದು. ಇದಕ್ಕಿಂತ ದೊಡ್ಡ ತೊಡಕೊಂದಿದೆ. ಕತೆ ಅವನ ತಲೆಯಲ್ಲಿ ಆಗಲೇ ಪೂರ್ತಿಯಾಗಿರುವುದರಿಂದ, ಎರಡು ಶಾಟುಗಳ ನಡುವೆ ಬಿಟ್ಟುಹೋದದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ, ಕೊರತೆ ಕಣ್ಣಿಗೆ ಬೀಳುವುದೇ ಇಲ್ಲ. ‘ಅಪೋಕ್ಯಾಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲೊಬ್ಬನಾದ ವಾಲ್ಟರ್ ಮರ್ಚ್, ಸಂಕಲನಕಾರ ಚಿತ್ರೀಕರಣದ ಜಾಗದಿಂದ ಆದಷ್ಟು ದೂರವಿರಬೇಕು ಎಂದು ವಾದಿಸಿದ್ದು ಈ ಕಾರಣಕ್ಕೇ. ಚೌಕಟ್ಟಿನ ಆಚೆ ಏನಿತ್ತೆಂದು ತಿಳಿದರೆ ಒಳಗಿರುವುದನ್ನು ನೋಡುವ ಕಣ್ಣು ಮಂಕಾಗುತ್ತದೆ.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1919ರಲ್ಲಿ ಮಾಸ್ಕೋದಲ್ಲಿ ಸಿನಿಮಾ ಶಾಲೆ ಶುರುವಾದ ಹೊತ್ತಿಗೆ ಅಲ್ಲಿ ಕಚ್ಚಾ ಫಿಲ್ಮಿಗೆ ಬರ. ಅಲ್ಲಿ ಕಲಿಸುತ್ತಿದ್ದ ಲೆವ್ ಕುಲೆಶೋವ್ ಮತ್ತು ಅವನ ಶಿಷ್ಯರು ಹಳೆಯ ಚಿತ್ರಗಳ ತುಣುಕುಗಳನ್ನೇ ಹೊಸದಾಗಿ ಜೋಡಿಸಿ, ಪಕ್ಕದ ಶಾಟ್ ಬದಲಾದರೆ ಅದೇ ಮುಖದ ಭಾವ ಹೇಗೆ ಬೇರೆಯಾಗಿ ಕಾಣುತ್ತದೆಂದು ಪರೀಕ್ಷಿಸಿದರು. ಎಸ್ಫಿರ್ ಶೂಬ್ ಎಂಬಾಕೆಯ ಕೆಲಸ ವಿದೇಶಿ ಚಿತ್ರಗಳನ್ನು ಸೋವಿಯತ್ ಪ್ರೇಕ್ಷಕರಿಗೆಂದು ಮರುಸಂಕಲನ ಮಾಡುವುದು. ಫ್ರಿಟ್ಸ್ ಲಾಂಗನ ‘ಡಾಕ್ಟರ್ ಮಬುಸೆ’ಯನ್ನು ಆಕೆ ಬಿಡಿಸಿ ಜೋಡಿಸುವಾಗ ಪಕ್ಕದಲ್ಲಿ ಕೂತು ಕಲಿತವನು ಸೆರ್ಗೆಯ್ ಐಸೆನ್‌ಸ್ಟೈನ್, ಆಗಿನ್ನೂ ಅವನ ಮೊದಲ ಪೂರ್ಣಾವಧಿ ಚಿತ್ರ ‘ಸ್ಟ್ರೈಕ್’ ತೆರೆಗೆ ಬಂದಿರಲಿಲ್ಲ. ಶೂಬ್ ಇನ್ನೂ ಮುಂದೆ ಹೋದಳು. ಸಾರ್ ದೊರೆಯ ಕಾಲದಲ್ಲಿ ತೆಗೆದಿದ್ದ ಫಿಲ್ಮುಗಳನ್ನೇ ಹೆಕ್ಕಿ, 1927ರಲ್ಲಿ ಆ ರಾಜವಂಶದ ಪತನದ ಚಿತ್ರ ಕಟ್ಟಿದಳು. ಅರಸೊತ್ತಿಗೆಯ ವೈಭವವನ್ನು ತೋರಿಸಲೆಂದು ತೆಗೆದ ದೃಶ್ಯಗಳೇ ಅದರ ವಿರುದ್ಧ ಸಾಕ್ಷಿ ನುಡಿದವು.

ಅದೆಲ್ಲ ಕೊರತೆಯ ಕಾಲದ ಮಾತು, ಈಗ ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆಯಲ್ಲ ಎನ್ನಬಹುದು. ಆದರೆ ಧಾರಾಳವಾಗಿ ಸಿಕ್ಕಷ್ಟೂ ಆರಿಸುವ ಹೊರೆಯೇ ಹೆಚ್ಚು. ‘ಅಪೋಕ್ಯಾಲಿಪ್ಸ್ ನೌ’ಗೆ ತೆಗೆದದ್ದು 230 ಗಂಟೆಗೂ ಮಿಕ್ಕಿದ ಫಿಲ್ಮು; ಉಳಿದದ್ದು ಎರಡೂವರೆ ಗಂಟೆಗೂ ಕಡಿಮೆ. ತನ್ನದನ್ನು ತಾನೇ ಕತ್ತರಿಸಿದಾಗಲೇ ಮುಂದೆ ಏನು ಶೂಟ್ ಮಾಡಬೇಕೆಂಬ ಬುದ್ಧಿ ಬರುತ್ತದೆ ಎಂಬ ಆಕ್ಷೇಪ ಆ ಮೊದಲ ಮಾತಿಗಿಂತ ತೂಕದ್ದು. ಅದರಲ್ಲಿ ನಿಜವಿದೆ. ಆದರೂ ಬೇಕಾದ ಕ್ಲೋಸಪ್ ಇಲ್ಲವೆಂಬ ಕಷ್ಟ ಪರರ ಫೂಟೇಜಿನಲ್ಲೂ ಎದುರಾಗುತ್ತದೆ. ಅಲ್ಲಿ ಮತ್ತೆ ಹೋಗಿ ತೆಗೆದು ತರುವ ದಾರಿಯಿಲ್ಲದ್ದರಿಂದ, ಇದ್ದದ್ದರಲ್ಲೇ ಪರಿಹಾರ ಹುಡುಕಬೇಕಾಗುತ್ತದೆ. ಅಮೆರಿಕದ ಸಿನಿಮಾ ಶಾಲೆಗಳಲ್ಲಿ ‘ಗನ್‌ಸ್ಮೋಕ್’ ಎಂಬ ಹಳೆಯ ಟಿವಿ ಧಾರಾವಾಹಿಯ ರಶಸ್ ಅನ್ನು, ಅಂದರೆ ಇನ್ನೂ ಕತ್ತರಿಸದ ಮೂಲ ಟೇಕುಗಳನ್ನು, ವಿದ್ಯಾರ್ಥಿಗಳ ಕೈಗೆ ಕೊಟ್ಟು ಕಲಿಸುತ್ತಿದ್ದರು. ಇಡೀ ತರಗತಿಗೆ ಅವೇ ಟೇಕುಗಳು, ಅವೇ ನಟರು. ಹಾಗಿದ್ದಾಗ ಒಬ್ಬ ಮಾತನಾಡುವವನ ಮುಖದ ಮೇಲೆ ನಿಂತು, ಇನ್ನೊಬ್ಬ ಕೇಳುವವನತ್ತ ತಿರುಗಿದರೆ, ಆ ವ್ಯತ್ಯಾಸಕ್ಕೆ ಬೆಳಕನ್ನೋ ಕ್ಯಾಮೆರಾವನ್ನೋ ದೂರುವಂತಿಲ್ಲ. ಆ ಜಾಗದಲ್ಲೇ ಯಾಕೆ ಕಟ್ ಮಾಡಿದೆ ಎಂದು ಪ್ರತಿಯೊಬ್ಬನೂ ಹೇಳಲೇಬೇಕು.